ಎರಡು ಸೆಂಟರ್ ಸ್ಪೀಕರ್ ಅದಾವೆ, ನಿಲ್ಲಿಸಿ ಬುಕ್‌ಶೆಲ್ಫ್ (ಎಡಕ್ಕೊಂದು ಬಲಕ್ಕೊಂದು ಇಡೋ ಸಣ್ಣ ಸ್ಪೀಕರ್) ಥರ ಬಳಸಬಹುದಾ?

ನಿಟ್ಟುವಳ್ಳಿಯವ
ದಾವಣಗೆರೆಯಿಂದ ಕೇಳ್ತಿದೀನಿ. ನಮ್ಮ ಭಾವ ಹೋಂ ಥಿಯೇಟರ್ ಮಾರಿಬಿಟ್ರು, ಒಂದೇ ಮಾಡೆಲ್ಲಿನ ಎರಡು ಸೆಂಟರ್ ಸ್ಪೀಕರ್ (ಟಿವಿ ಕೆಳಗೆ ಅಡ್ಡ ಇಡ್ತಾರಲ್ಲ, ಅವು) ಮಾತ್ರ ಉಳಿದ್ವು. ಮೊದಲಿಂದು ಕೆಟ್ಟೈತಿ ಅಂತ ಇನ್ನೊಂದು ತರಿಸಿದ್ರಂತೆ. ಆಮೇಲೆ ನೋಡಿದ್ರೆ ಕೆಟ್ಟಿದ್ದು ವೈರು! ಹಂಗಾಗಿ ನನಗೆ ಪುಕ್ಕಟೆ ಜೋಡಿ.

ನಡುವೆ ಕೀಚು ದನಿ ನುಡಿಯೋ ಟ್ವೀಟರ್, ಆಚೀಚೆ ದಪ್ಪ ದನಿ ನುಡಿಯೋ 5 ಇಂಚಿನ ವೂಫರ್. ವೂಫರ್ ನಡುವಿಂದ ನಡುವಿಗೆ ಟೇಪ್ ಹಿಡಿದೆ, 28 ಸೆಂ.ಮೀ. ಕ್ರಾಸ್‌ಓವರ್, ಅಂದ್ರೆ ವೂಫರ್ ಬಿಟ್ಟು ಟ್ವೀಟರ್ ನುಡಿಯೋಕೆ ಶುರು ಮಾಡೋ ಮಟ್ಟ, 2500 ಹರ್ಟ್ಸ್ ಅಂತ ಬರೆದೈತಿ. ಈಗ ಶೋಕೇಸಿನಾಗೆ ಅಡ್ಡ ಇಟ್ಟೀನಿ. ಎದುರಿಗೆ ಕುಂತ್ರೆ ಚಲೋ, ದಿವಾನದ ತುದಿಗೆ ಸರಿದ್ರೆ ಹಾಡೋರು ಎದ್ದು ಅಡುಗೆಮನೆಗೆ ಹೋದಂಗೆ. ನಿಲ್ಲಿಸಿದ್ರೆ ಸರಿ ಆಗ್ತಾವಾ? ಹೆಂಡತಿ ತಕರಾರು ಬೇರೆ: ಕಂಪನಿ ಹೆಸರು ಅಡ್ಡ ಬೀಳ್ತೈತಿ, ಗಾಳಿಗೆ ಬಿದ್ದ ಬೋರ್ಡ್ ಇದ್ದಂಗೆ ಕಾಣ್ತೈತಿ ಅಂತ.

ದುರ್ಗದ ಕಲ್ಲು
ನಿಲ್ಸಿ ಅಣ್ಣಾ, ಯೋಚನೆ ಬೇಡ. ಎರಡೂ ವೂಫರ್ ಒಂದೇ ದನಿ ನುಡೀತಾವೆ. ನೀವು ಪಕ್ಕಕ್ಕೆ 30 ಡಿಗ್ರಿ ಸರಿದ್ರೆ ಒಂದು ನಿಮ್ಮ ಕಿವಿಗೆ ಇನ್ನೊಂದಕ್ಕಿಂತ 14 ಸೆಂ.ಮೀ. ದೂರ ಆಗ್ತೈತಿ. ಅದು 1200 ಹರ್ಟ್ಸ್ ಆಸುಪಾಸಿನ ಅಲೆಯ ಅರ್ಧ ಉದ್ದ. ಒಂದು ಮುಂದೆ ತಳ್ಳೋವಾಗ ಇನ್ನೊಂದು ಹಿಂದಕ್ಕೆ ಎಳೀತೈತಿ, ದನಿ ಅಲ್ಲೇ ಸಾಯ್ತೈತಿ. ಹಾಡೋರ ದನಿಯ ಜೀವ ಇರೋದೇ ಅಲ್ಲಿ. ನಿಲ್ಲಿಸಿದ್ರೆ ಈ ಜಗಳ ಪಕ್ಕಕ್ಕೆ ಬಿಟ್ಟು ಮೇಲೆ-ಕೆಳಗೆ ಹೋಗ್ತೈತಿ. 1983ರಲ್ಲಿ ಸ್ಪೀಕರ್ ಎಂಜಿನಿಯರ್ ಡಿ'ಅಪೊಲಿಟೊ ಈ ಜೋಡಣೆ ಬಗ್ಗೆ ಬರೆದಾಗಲೂ ನಿಂತ ಸ್ಪೀಕರನ್ನೇ ಲೆಕ್ಕಕ್ಕೆ ಹಿಡಿದಿದ್ರು. ಅಡ್ಡ ಮಲಗಿಸಿದ್ದು ಟಿವಿ ಕೆಳಗೆ ಜಾಗ ಇಲ್ಲ ಅಂತ, ಅಷ್ಟೇ.

ಟ್ವೀಟರ್ ಕುಂತಾಗಿನ ಕಿವಿ ಮಟ್ಟಕ್ಕೆ ಬರಲಿ. ಪೆಟ್ಟಿಗೆ ತಳ ಸಣ್ಣದು, ಮಕ್ಕಳಿದ್ರೆ ಬೀಳಿಸ್ತಾವೆ. ಕೆಳಗೆ ಕಡಪ ಕಲ್ಲು, ಅದರ ಮೇಲೆ ಸೈಕಲ್ ಟ್ಯೂಬ್ ತುಂಡು ಹಾಕಿ.

ಮಂಡಕ್ಕಿ ಭಟ್ಟಿ
ಇಷ್ಟೆಲ್ಲ ಯಾಕ್ರೀ, ಎರಡೂ ಮಾರಿ ಬುಕ್‌ಶೆಲ್ಫೇ ತಗೊಳ್ರಿ.

ದುರ್ಗದ ಕಲ್ಲು
ಬಿಡಿ ಸೆಂಟರ್ ಸ್ಪೀಕರಿಗೆ ಯಾರು ರೊಕ್ಕ ಕೊಡ್ತಾರೆ ಮಾರಾಯ್ರೆ? ಇಲ್ಲಿ ಜೋಡಿ ಸಿಕ್ಕೈತಲ್ಲ, ಅದೇ ಅದೃಷ್ಟ. ಒಂದು ಮಾತ್ರ ನೋಡ್ಕೊಳ್ರಿ: ಟ್ವೀಟರ್ ಕೆಳಗೆ ನಡುವಿನ ದನಿಗೆ ಅಂತ ಸಣ್ಣ ಮಿಡ್ ಡ್ರೈವರ್ ಇರೋ ಮಾಡೆಲ್ ಆದ್ರೆ ನಿಲ್ಲಿಸಬೇಡಿ. ಅವೆರಡು ಅಕ್ಕಪಕ್ಕ ಆಗಿ ಹೊಸ ಜಗಳ ಶುರು.

ನಿಟ್ಟುವಳ್ಳಿಯವ
ಇಲ್ಲ, ಮಿಡ್ ಇಲ್ಲ. ನಿಲ್ಲಿಸಿದೆ, ಟ್ವೀಟರ್ ನೆಲದಿಂದ 90 ಸೆಂ.ಮೀ. ದಿವಾನದ ಈ ತುದಿಯಿಂದ ಆ ತುದಿಗೆ ಸರಿದು ಸರಿದು ನೋಡಿದೆ, ಹಾಡೋರು ಎದ್ದು ಹೋಗ್ಲಿಲ್ಲ! ತಬಲದ ಡಗ್ಗಾ ಮಾತ್ರ ಸ್ವಲ್ಪ ತೆಳ್ಳಗೆ. ಪೆಟ್ಟಿಗೆಗೆ ಹಿಂದೆ ತೂತಿಲ್ಲ, ಅದಕ್ಕೇ ಗೋಡೆಗೆ ಹತ್ತಿರ ದೂಡಿದೆ, ಸುಮಾರಾಗಿ ತುಂಬಿತು. ಹೆಸರು ಕಾಣದಂಗೆ ಮುಂದಿನ ಬಟ್ಟೆ ಜಾಲರಿ ತೆಗೆದಿಟ್ಟೆ. ಮನೆಯಾಗೆ ಈಗ ಶಾಂತಿ.

ಅವ್ವ ಮಧ್ಯಾಹ್ನ ಊಟ ಆದ್ಮೇಲೆ ಚಾಪೆ ಮೇಲೆ ಮಲಗಿ ವಚನ ಕೇಳ್ತಾಳೆ. ನಿನ್ನೆ, "ಏನಲೇ, ಅವನು ಹಿಂದಕ್ಕೆ ಹೋಗ್ಯಾನಲ್ಲ" ಅಂದ್ಲು. ನೀವು ಹೇಳಿದ್ದು ನೆನಪಾತು, ಜಗಳ ಕೆಳಗೆ ಬಂದೈತಿ. ಈಗ ಅವ್ವ ಮಲಗೋ ಹೊತ್ತಿಗೆ ಎದುರಿನ ಒಂದನ್ನ ನಾನೂ ಮಲಗಿಸ್ತೀನಿ.