ಹ್ಯುಂಡೈ ಐ20 ಎನ್ ಲೈನ್ ಕಾರಿಗೆ ಕಡಿಮೆ ಬೆಲೆಯ ಒಳ್ಳೆ ಟೈರ್?

ಪ್ರಶ್ನೆ: ಉಡುಪಿಯಲ್ಲಿದ್ದೇನೆ. ಸೈಜ್ 195/55 ಆರ್16. ಆಗಾಗ ಆಗುಂಬೆ ಘಾಟಿ ಹತ್ತುತ್ತೇನೆ. ಮಳೆಗೆ ತಿರುವಿನಲ್ಲಿ ಗ್ರಿಪ್ ಬೇಕು, ಬಜೆಟ್ ಜಾಸ್ತಿ ಇಲ್ಲ.

ಉತ್ತರ: ನಮ್ಮ ಕಡೆ ಒದ್ದೆ ರಸ್ತೆಯ ಹಿಡಿತವೇ ಮುಖ್ಯ ಮಾರಾಯ್ರೆ, ಬ್ರ್ಯಾಂಡ್ ಆಮೇಲೆ. ಟೈರಿನ ಮೇಲೆ ನೀರು ಹೊರಗೆ ತಳ್ಳುವ ಅಗಲ ತೋಡುಗಳು ಇರಬೇಕು. ಟ್ರೆಡ್‌ವೇರ್ ನಂಬರ್ (ಟೈರ್ ಸವೆತ ಎಷ್ಟು ತಾಳುತ್ತದೆ ಅನ್ನುವ ಅಂಕಿ) ಕಡಿಮೆ ಇದ್ದರೆ ಸಾಮಾನ್ಯವಾಗಿ ರಬ್ಬರ್ ಮೆತ್ತಗೆ, ಹಿಡಿತ ಜಾಸ್ತಿ, ಸವೆತವೂ ಬೇಗ. ರಿಯಾಯಿತಿ ಅಂದ ಕೂಡಲೇ ಒಪ್ಪಬೇಡಿ, ಹಳೆ ಸ್ಟಾಕ್ ಇರಬಹುದು; ಟೈರಿನ ಬದಿಯಲ್ಲಿ DOT ಎಂದು ಶುರುವಾಗುವ ಕೋಡ್‌ನ ಕೊನೆಯ ನಾಲ್ಕು ಅಂಕಿ ಓದಿ. 2324 ಅಂದರೆ 2024ರ 23ನೇ ವಾರ ತಯಾರಾದದ್ದು.

ಇನ್ನೊಬ್ಬರು: ಎರಡೇ ಕೊಳ್ಳುವುದಾದರೆ ಹೊಸದನ್ನು ಹಿಂದಕ್ಕೇ ಹಾಕಿಸಿ. ಹಿಂಬದಿ ಜಾರಿದರೆ ಹಿಡಿಯುವುದು ಕಷ್ಟ.

ಪ್ರಶ್ನೆ ಕೇಳಿದವರು: ಮುಂದಿನ ಚಕ್ರ ಎಳೆಯುವ ಕಾರಾದರೂ ಹಾಗೆಯೇ?

ಇನ್ನೊಬ್ಬರು: ಹೌದು, ಹಾಗೆಯೇ. ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಕೂಡ ಮಾಡಿಸಿ.