ಆಡು ತಿನ್ನದ ಬೇಲಿ ಗಿಡ ಯಾವುದು?

ಪ್ರಶ್ನೆ: ತುಮಕೂರಿನ ಹತ್ತಿರ ನಮ್ಮ ಹಿತ್ತಲು. 40 ಅಡಿ ಉದ್ದಕ್ಕೆ ಬೇಲಿ ಬೇಕು. ಹೋದ ವರ್ಷ ದಾಸವಾಳ ನೆಟ್ಟಿದ್ದೆ. ಪಕ್ಕದ ಮನೆ ಆಡುಗಳು ಬರೀ ಕಡ್ಡಿ ಉಳಿಸಿದವು. ನೀರೂ ಜಾಸ್ತಿ ಇಲ್ಲ. ಏನು ನೆಡಲಿ?

ಉತ್ತರ: ಲಕ್ಕಿ ನೆಡಿ. ಎಲೆ ಹಿಸುಕಿದರೆ ಘಾಟು, ಆಡು ಮೂಸಿ ಮುಂದೆ ಹೋಗುತ್ತದೆ. ಮಳೆ ಹಿಡಿದ ಮೇಲೆ ಹೆಬ್ಬೆರಳು ದಪ್ಪದ ಕಡ್ಡಿಗಳನ್ನು ಒಂದೊಂದು ಅಡಿಗೆ ಊರಿ. ನರ್ಸರಿಗೆ ಸುಮ್ನೆ ದುಡ್ಡು ಯಾಕೆ?

ಉತ್ತರ: ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ವಾ, ಆಡುಸೋಗೆ ಮಾತ್ರ ಮುಟ್ಟಲ್ಲ! ನಮ್ಮಲ್ಲಿ ಎರಡು ಸಾಲು ಇದೆ, ಬಿಳಿ ಹೂವು ಬಿಡುತ್ತದೆ. ಮೊಣಕಾಲುದ್ದ ಬಂದಾಗ ತುದಿ ಚಿವುಟಿ. ಇಲ್ಲದಿದ್ದರೆ ಬುಡ ಬೋಳಾಗಿ ಕೋಳಿ ನುಗ್ಗುತ್ತವೆ.

ಕೇಳಿದವರು: ಕೋಳಿ ನಮ್ಮದೇ ಸಾರ್. ಲಕ್ಕಿ ಕಡ್ಡಿ ಕೆರೆ ಏರಿ ಹತ್ತಿರ ಸಿಗುತ್ತವೆ, ತರುತ್ತೇನೆ.