ಬಟ್ ಬಿಗಿ ಮಾಡಲು ಹೋಗಿ ಕೋವಿಯ ಮುಂದಿನ ಮರ ಸೀಳಿದೆ, ಎಣ್ಣೆಯೂ ಒಣಗುತ್ತಿಲ್ಲ

ಪ್ರಶ್ನೆ: ತಾತನ ಕಾಲದ .315 ರೈಫಲ್, ಇಶಾಪುರದ ಸರಕಾರಿ ಕಾರ್ಖಾನೆಯದ್ದು. ಕೈಲ್ ಮುಹೂರ್ತಕ್ಕೆ (ಕೊಡಗಿನ ಆಯುಧ ಪೂಜೆಯ ಹಬ್ಬ) ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜೆಗೆ ಇಡುವಷ್ಟರಲ್ಲಿ ಮರಕ್ಕೆ ಕಳೆ ಬರಲಿ ಎಂದು ಹಳೆ ವಾರ್ನಿಶ್ ಕೆರೆದು ಅಗಸೆ ಎಣ್ಣೆ ಧಾರಾಳವಾಗಿ ಬಳಿದೆ. ಮೂರು ವಾರವಾದರೂ ಬೆರಳಿಗೆ ಅಂಟುತ್ತಿದೆ. ಬಟ್ (ಹೆಗಲಿಗೆ ಒತ್ತುವ ಹಿಂದಿನ ಮರ) ಅಲ್ಲಾಡುತ್ತಿತ್ತು, ಹಿಂದಿನ ತೂತಿನಿಂದ ಉದ್ದ ಸ್ಕ್ರೂಡ್ರೈವರ್ ಹಾಕಿ ಒಳಗಿನ ಬೋಲ್ಟ್ ತಿರುಗಿಸಿದೆ. ಟಕ್ ಎಂದಿತು. ಮುಂದಿನ ಮರದ ಹಿಂತುದಿಯಲ್ಲಿ ಎರಡು ಇಂಚು ಸೀಳು! ಮನೆಯಲ್ಲಿ ಬೀಟೆ ಹಲಗೆ ಇದೆ, ಹೊಸದೇ ಮಾಡಿಸಲೇ?

ಉತ್ತರ: ಬೇಡ ಅಣ್ಣ, ಹಳೆ ಮರ ಉಳಿಯುತ್ತದೆ. ಇದು ಲೀ-ಎನ್‌ಫೀಲ್ಡ್ ಮಾದರಿ, ಮರ ಎರಡು ತುಂಡು. ಬಟ್ ಬೋಲ್ಟಿನ ಚೌಕ ತುದಿ ಮುಂದಿನ ಮರದೊಳಗಿನ ಸಣ್ಣ ತಗಡಿಗೆ ಕೂತಿರುತ್ತದೆ. ಮುಂದಿನ ಮರ ಬಿಚ್ಚದೆ ಬೋಲ್ಟ್ ತಿರುಗಿಸಿದರೆ ಆ ಚೌಕವೇ ಮರವನ್ನು ಒಳಗಿನಿಂದ ಸೀಳುತ್ತದೆ.

ಕೋವಿ ಖಾಲಿ ಇದೆಯೇ ಎಂದು ಕಣ್ಣಲ್ಲೂ ಬೆರಳಲ್ಲೂ ನೋಡಿ, ಆಮೇಲೆ ಮುಂದಿನ ಮರ ಬಿಚ್ಚಿ. ಸೀಳಿನೊಳಗೆ ಎಣ್ಣೆ ಇಳಿದಿರುತ್ತದೆ, ಅಸಿಟೋನ್‌ನಿಂದ ಎರಡು ಮೂರು ಸಲ ತೊಳೆಯದೆ ಅಂಟು ಹಿಡಿಯುವುದಿಲ್ಲ. ನಿಧಾನ ಒಣಗುವ ಅರಾಲ್ಡೈಟ್ ಅಂಟನ್ನು ತುಸು ಬೆಚ್ಚಗೆ ಮಾಡಿ ತೆಳು ಬ್ಲೇಡಿನಿಂದ ಒಳಗೆ ತಳ್ಳಿ, ಸೈಕಲ್ ಟ್ಯೂಬ್ ಬಿಗಿಯಾಗಿ ಸುತ್ತಿ ಒಂದು ದಿನ ಬಿಡಿ. ಜೋಡಿಸುವಾಗ ಮೊದಲು ಬಟ್ ಬಿಗಿ, ಚೌಕ ನೆಟ್ಟಗೆ ನಿಂತ ಮೇಲೆ ಮುಂದಿನ ಮರ.

ಅಗಸೆ ಎಣ್ಣೆ ಆವಿಯಾಗಿ ಒಣಗುವುದಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವುದು. ದಪ್ಪ ಬಳಿದರೆ ಮೇಲೆ ಕೆನೆ ಕಟ್ಟುತ್ತದೆ, ಒಳಗೆ ಹಸಿ. ನಮ್ಮ ಮಳೆಗಾಲದಲ್ಲಂತೂ ಇನ್ನೂ ತಡ. ಟರ್ಪೆಂಟೈನ್ ಬಟ್ಟೆಯಿಂದ ಅಂಟೆಲ್ಲ ತೆಗೆಯಿರಿ. ಮತ್ತೆ ನಾಲ್ಕೇ ಹನಿ, ಅಂಗೈ ಬಿಸಿಯಾಗುವಷ್ಟು ಉಜ್ಜಿ, ಕಾಲು ಗಂಟೆಗೆ ಉಳಿದದ್ದನ್ನು ಪೂರ್ತಿ ಒರೆಸಿ. ಕೈಗೆ ಅಂಟದಿದ್ದರೆ ಮಾತ್ರ ಇನ್ನೊಂದು ಸಲ ಎಣ್ಣೆ. ಎಣ್ಣೆ ಬಟ್ಟೆ ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಹೊತ್ತಿಕೊಳ್ಳುತ್ತದೆ. ನೀರಲ್ಲಿ ನೆನೆಸಿಡಿ.

ಕಬ್ಬಿಣ ಸೇರುವ ಅಂಚಲ್ಲಿ ಸ್ಯಾಂಡ್ ಪೇಪರ್ ಮುಟ್ಟಿಸಬೇಡಿ, ಮರ ಕೆಳಗಿಳಿದರೆ ಮತ್ತೆ ಏರದು. ನಳಿಗೆಯ ಕಪ್ಪು ಬಣ್ಣ, ನಂಬರು ಇರುವ ಜಾಗ ಪರವಾನಗಿ ಇರುವ ಕೋವಿ ರಿಪೇರಿಯವರಿಗೇ ಬಿಡಿ.

ಪ್ರಶ್ನೆ ಕೇಳಿದವರು: ಈಗಷ್ಟೇ ಬಿಚ್ಚಿದೆ. ಚೌಕ ತುದಿ ಓರೆಯಾಗಿ ನಿಂತಿದೆ, ಮರದಲ್ಲಿ ಅದರದೇ ಗುರುತು ಕೊರೆದಿದೆ. ಅಸಿಟೋನ್ ತರಲು ಮಡಿಕೇರಿಗೆ ಹೊರಟೆ.